ಆಟದ ಕರುವೂ ಕ್ಷೀರಮಿತ್ರದ ಬಟನ್ನೂ

ಕ್ಷೀರಮಿತ್ರ ಜಾಲತಾಣವನ್ನು ಕಟ್ಟಿದ, ಇನ್ನೂ ಕಟ್ಟುತ್ತಲೇ ಇರುವ ಮಾನ್ಯ ಮಹನೀಯರೇ,

ವಕ್ಕಲೇರಿಯಿಂದ ಶಾಕಿರ್ ಮಾಡುವ ಸಲಾಮುಗಳು. ತಾವೂ, ತಮ್ಮ ಪರದೆಯ ಮೇಲೆ ಬಿಡುವಿಲ್ಲದೆ ತಿರುಗುವ ಆ ಚಕ್ರವೂ ಕ್ಷೇಮವೆಂದು ನಂಬಿದ್ದೇನೆ.

ನನ್ನ ಹೆಂಡತಿ ಅರ್ಷಿಯಾ ನಮ್ಮೂರ ಮಹಿಳಾ ಡೇರಿಯ ಸದಸ್ಯೆಯಾಗಿದ್ದಳು. ಯುಗಾದಿಗೆ ಮುಂಚೆ ತೀರಿಕೊಂಡಳು. ಸದಸ್ಯತ್ವವನ್ನು ಮಗಳು ನಾಹಿದ್ ಹೆಸರಿಗೆ ಮಾಡಿಕೊಡಿ ಎಂದು ಕೇಳಿದ್ದಕ್ಕೆ, ಅರ್ಷಿಯಾ ಖುದ್ದಾಗಿ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕೆಂದು ತಮ್ಮ ಜಾಲತಾಣ ಅಪ್ಪಣೆ ಕೊಡಿಸಿತು. 'ಸದಸ್ಯರು ತೀರಿಕೊಂಡಿದ್ದಾರೆ' ಎಂಬ ಒಂದು ಬಟನ್ ಇಡಿ ಎಂದು ಬೇಡಿಕೊಂಡೆವು. ಪರಿಶೀಲನೆಯಲ್ಲಿದೆ ಎಂದಿರಿ. ಮಾವಿನ ಕಾಲ ಬಂದು ಹೋಯಿತು. "ನಾನೇನ್ ಮಾಡ್ಲಿ ಭಾಯ್, ಈ ತಿಂಗ್ಳು ಕಳೆದ್ರೆ ಕಂಪ್ಯೂಟರ್ರು ನಿಮ್ ಹಾಲು ತಗೊಳಲ್ಲ" ಎನ್ನುತ್ತಾರೆ ಡೇರಿ ಕಾರ್ಯದರ್ಶಿ ಗುಂಡಮ್ಮ. ನಮ್ಮ ಹಸುವಿಗೆ ತಿಂಗಳ ಕೊನೆ ಗೊತ್ತಾಗುವುದಿಲ್ಲ.

ನಾಹಿದಳ ಫೋನಿನಲ್ಲಿ ಬೇಸಾಯದ ಆಟವೊಂದಿದೆ. ಹೋದ ವರ್ಷ ಅದನ್ನು ನೋಡಿ ಅರ್ಷಿಯಾ, "ಅರೆ, ಕರು ಬಿಡ್ದೆ ಯಾವ ಹಸು ಹಾಲು ಕೊಡ್ತದೆ? ಬರಿಯೇ ಅವ್ರಿಗೆ" ಎಂದು ನಕ್ಕಿದ್ದಳು. ನಾಹಿದ್ ಆಟ ಮಾಡಿದವರಿಗೆ ಬರೆದಳು. ಮುಂದಿನ ಶುಕ್ರವಾರಕ್ಕೆಲ್ಲ ಆಟದೊಳಗೊಂದು ಕರು ಓಡಿಬಂದು, ಕೆಚ್ಚಲು ಗುಮ್ಮಿ, ಆಮೇಲೆಯೇ ಹಸು ಹಾಲು ಕೊಟ್ಟಿತು.

ಇದನ್ನು ತಮ್ಮ ಸಹಾಯವಾಣಿಯ ನಂದೀಶ್ ಅವರಿಗೆ ತಿಳಿಸಿದಾಗ ಅವರು, "ಆಟ ಮಾಡೋದು ವರ್ಷಗಟ್ಲೆ ಕೆಲ್ಸ ಸಾರ್, ನಮ್ದು ವೆಬ್ ಅಪ್ಲಿಕೇಶನ್, ಎಲ್ಲಾ ಫಾಸ್ಟು, ಲೈನಲ್ಲಿರಿ" ಎಂದು ಸಂಗೀತ ಹಾಕಿ ಹೋದರು. ಒಪ್ಪಿದೆ ಸ್ವಾಮಿ. ಕರುವೆಂದರೆ ಬರೀ ಕಿವಿ, ಬಾಲ, ಓಟ, ನೆರಳು. ಬಟನ್ ಎಂದರೆ ಒಂದು ಇಡೀ ಚೌಕ. ಅಂಥ ಗಹನವಾದ ವಸ್ತುವಿಗೆ ಅವಸರ ಮಾಡಬಾರದಿತ್ತು.

ಆದ್ದರಿಂದ ನನ್ನ ವಿನಂತಿ ಇಷ್ಟೇ: ತಮ್ಮ ಕಚೇರಿಯನ್ನೇ ಆ ಆಟದೊಳಕ್ಕೆ ಸ್ಥಳಾಂತರಿಸಿ. ಅಲ್ಲಿ ಬಿತ್ತಿದ ಟೊಮೇಟೊ ಚಹಾ ಆರುವಷ್ಟರಲ್ಲಿ ಕೊಯ್ಲಿಗೆ ಬರುತ್ತದೆ. ತಮ್ಮ ಬಟನ್ನೂ ಮೊಳೆತೀತು. ಅದಾಗದಿದ್ದರೆ ಅರ್ಷಿಯಾಳನ್ನು ತಾವೇ ಕರೆಸಿ ಕಣ್ಣು ಮಿಟುಕಿಸಿಕೊಳ್ಳಿ. ನಾನು ಕರೆದರೆ ಬರುತ್ತಿಲ್ಲ.

ಚಕ್ರ ನೋಡುತ್ತ ಕುಳಿತಿರುವ ತಮ್ಮ ವಿಶ್ವಾಸಿ,
ಶಾಕಿರ್

ಮರೆತ ಮಾತು: 'ಅರ್ಷಿಯಾ ಅವರೇ, ನಮ್ಮ ಸೇವೆಯ ವೇಗಕ್ಕೆ ಎಷ್ಟು ನಕ್ಷತ್ರ ಕೊಡುವಿರಿ?' ಎಂಬ ತಮ್ಮ ಸಂದೇಶ ಇಂದು ಬೆಳಿಗ್ಗೆ ತಲುಪಿತು. ನಾಹಿದ್ ಐದೂ ನಕ್ಷತ್ರಗಳನ್ನು ಕರು ಮಾಡಿದವರಿಗೆ ಕೊಟ್ಟಳು. ಬದುಕಿದ್ದಾಗ ಅರ್ಷಿಯಾ ಹೇಳಿದ್ದನ್ನು ಅವರು ಕೇಳಿಸಿಕೊಂಡರು. ಸತ್ತ ಮೇಲೂ ಅವಳನ್ನೇ ಕೇಳುತ್ತಿರುವವರು ತಾವು ಮಾತ್ರ.