ಕನ್ನಡಕಕ್ಕೊಂದು ಬೀಳ್ಕೊಡುಗೆ

ಕಿರಿಮಗಳು ಹುಸ್ನಾಳ ಮದುವೆಯಲ್ಲಿ ನನ್ನ ಮೂಗಿನ ಮೇಲೆ ಕನ್ನಡಕ ಇರಕೂಡದು! ಮಲೇಷ್ಯಾದ ನಮ್ಮ ಕೋಟಾ ಬಾರು ಪೇಟೆಯ ತುಂಬ ಡಂಗುರ ಸಾರಿಬಿಟ್ಟೆ. ದೊಡ್ಡವಳ ಮದುವೆಯ ಆಲ್ಬಮ್ ನೋಡಿದವರಿಗೆ ಕಾರಣ ಗೊತ್ತು. ಕ್ಯಾಮೆರಾದ ಫ್ಲ್ಯಾಶ್ ಬಡಿದು, ವಧುವಿನ ತಾಯಿಯ ಮುಖದಲ್ಲಿ ಕಣ್ಣಿರಬೇಕಾದ ಜಾಗದಲ್ಲಿ ಎರಡು ಬಲ್ಬು ಉರಿಯುತ್ತಿವೆ! ಹಾಗಾಗಿ ಈ ಸಲ ಕಣ್ಣಿಗೆ ಲೇಸರ್. ಗಾಜಿಗೆ ರಾಜಮರ್ಯಾದೆಯ ಬೀಳ್ಕೊಡುಗೆ!

ಡಾಕ್ಟರ್ ಊಯಿ ನನ್ನ ರೆಪ್ಪೆ ಮಗುಚಿ ನೋಡಿ ತಲೆ ಅಲ್ಲಾಡಿಸಿದರು.

“ಬೆಳಗ್ಗೆ ಎದ್ದ ತಕ್ಷಣ ಕಣ್ಣು ಉಜ್ತೀರಾ?”

“ತುರಿಸಿದ್ರೆ ಉಜ್ಜದೆ ಮುದ್ದು ಮಾಡ್ಲಾ?”

“ಅಲರ್ಜಿ ಇದು. ಕೆರಳಿದ ಕಣ್ಣು ಅಳತೆಗೆ ಕೂತ್ರೆ ಒಂದೊಂದು ಸಲ ಒಂದೊಂದು ಸುಳ್ಳು ಹೇಳುತ್ತೆ. ಸುಳ್ಳು ಅಳತೆಗೆ ಲೇಸರ್ ಬಿಟ್ರೆ ಸಿಗೋದು ಸುಳ್ಳು ನೋಟ. ಆಮೇಲೆ ನೀವು ಉಜ್ಜಿದ್ರಂತೂ ಲೇಸರಿಗೆಂದು ಕಣ್ಣಲ್ಲಿ ಕತ್ತರಿಸಿ ಮುಚ್ಚಿದ ಪದರಾನೇ ಜಾರಬಹುದು. ಡ್ರಾಪ್ಸ್ ಹಾಕಿ. ಮನೇಲಿ ಏನು ಕೆರಳಿಸ್ತಿದೆ, ಹುಡುಕಿ.”

ಹೇಳಿದವರಾರು? ಸೀಸೆಯ ತಳದಷ್ಟು ದಪ್ಪ ಕನ್ನಡಕ ಹಾಕಿದವರು! ಲೇಸರ್ ಡಾಕ್ಟರಿಗೇ ಕನ್ನಡಕ! ಬೋಳುತಲೆಯವನು ಕೂದಲೆಣ್ಣೆ ಮಾರಿದಂತಾಯಿತಲ್ಲ! ನನ್ನ ಮೈಯೆಲ್ಲ ಉರಿಯಿತು. ಕಣ್ಣು ಮೊದಲೇ ಉರಿಯುತ್ತಿತ್ತು.

ಅಪರಾಧಿ ಮನೆಯ ಜಗಲಿಯಲ್ಲೇ ತೂಗಾಡುತ್ತಿತ್ತು. ನನ್ನ ಗಂಡ ಮೊಖ್ತಾರನ ಹಾಡುವ ಹಕ್ಕಿ, ಮರ್ಬೋಕ್!

“ನಿಮ್ಮ ಪುಕ್ಕದ ಮೂಟೆ ಇವತ್ತೇ ಖಾಲಿ ಮಾಡ್ಬೇಕು!”

“ಹಾಡೋ ಸ್ಪರ್ಧೇಲಿ ಗೆದ್ದ ಹಕ್ಕಿ ಕಣೇ ಅದು, ಯಾಹ್! ನೀನೇನು ಗೆದ್ದಿದ್ದೀಯ?”

“ನಿಮ್ಮನ್ನ! ಸಮಾಧಾನಕರ ಬಹುಮಾನ!”

“ದೃಷ್ಟಿ ಸರಿಮಾಡಿಸ್ಕೊಳ್ಳೋಕೆ ಹೊರಟವಳು ನನ್ನ ಹಕ್ಕಿ ಮೇಲೆ ದೃಷ್ಟಿ ಹಾಕಿದ್ಯಲ್ಲೇ!”

ಪಂಜರ ಮೈದುನನ ಮನೆಗೆ ಗಡೀಪಾರಾಯಿತು. ಪರದೆ ಒಗೆದೆ, ಜಮಖಾನ ಬಡಿದೆ, ಬಡಿಯುವಾಗ ಡಾಕ್ಟರನ್ನು ನೆನೆದೆ. ಆದರೂ ಮದುವೆ ಹತ್ತಿರವಾದಾಗ ನನ್ನ ಕಣ್ಣು ಒಣಮೆಣಸಿನಕಾಯಿ!

“ಈಗ್ಲೂ ಆಗಲ್ಲ,” ಅಂದರು ಊಯಿ.

“ಏನ್ರೀ ಆಗಲ್ಲ?” ಕಾನ್ವೆಂಟಿನ ಸಿಸ್ಟರುಗಳು ಐದು ವರ್ಷ ತಿದ್ದಿದ ನನ್ನ ಮೆಲುದನಿ ಅಲ್ಲಿಗೆ ಸತ್ತಿತು. “ಹಕ್ಕಿ ಓಡಿಸ್ದೆ, ಧೂಳು ಓಡಿಸ್ದೆ, ಇನ್ನು ಗಂಡ ಒಬ್ಬರು ಉಳಿದಿದ್ದಾರೆ! ಓಡಿಸ್ಲಾ?”

“ಹಾಸಿಗೇಲಿ ಹಳೇದೇನಾದ್ರೂ ಇದೆಯಾ?”

“ಏನೂ ಇಲ್ಲ!”

ಆಗ ಜೊತೆಗೆ ಬಂದಿದ್ದ ಮೊಖ್ತಾರ್ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದ. “ಹಕ್ಕಿ ಪರವಾಗಿ ಸಾಕ್ಷಿ, ಡಾಕ್ಟರೇ.”

ನನ್ನ ಬಂತಾಲ್ ಬುಸುಕ್! ತೊಟ್ಟಿಲಿನಿಂದ ಜೊತೆಗಿರುವ ನಾತದ ದಿಂಬು. ನಮ್ಮ ಕಡೆ ಯಾರ ಮಂಚ ತಡಕಿದರೂ ಒಂದು ಸಿಕ್ಕೀತು. ಅದನ್ನು ಒಗೆಯುವಂತಿಲ್ಲ. ಒಗೆದರೆ ವಾಸನೆ ಹೋಗುತ್ತದೆ, ವಾಸನೆ ಹೋದರೆ ನಿದ್ದೆ ಹೋಗುತ್ತದೆ! ದಿನವೂ ಅದರಲ್ಲಿ ಮುಖ ಹುದುಗಿಸಿ ಮೂಸದೆ ನಾನು ಮಲಗಿದ್ದೇ ಇಲ್ಲ. ಮನೆಯನ್ನೆಲ್ಲ ಒಗೆದವಳು ಅದೊಂದನ್ನು ಬಚ್ಚಿಟ್ಟಿದ್ದೆ.

ಡಾಕ್ಟರು ಛಾವಣಿ ಹಾರುವಂತೆ ಸೀನಿದರು. “ಧೂಳುಹುಳದ ರಾಜಧಾನಿ! ಇದು ಹೋಗ್ಬೇಕು. ಇಲ್ಲಾಂದ್ರೆ ಕನ್ನಡಕ ಇರ್ಬೇಕು.”

“ಅಮ್ಮ ಹೊಲಿದದ್ದು...” ನನ್ನ ದನಿ ಇಳಿಯಿತು.

ಡಾಕ್ಟರು ಮೊಖ್ತಾರನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ದಿಂಬಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದರು.

“ನಂದೂ ಒಂದಿದೆ. ಉದ್ದದ್ದು, ತಬ್ಬಿಕೊಳ್ಳೋದು,” ಎಂದು ಪಿಸುಗುಟ್ಟಿ ತಮ್ಮ ದಪ್ಪ ಕನ್ನಡಕ ತಟ್ಟಿದರು. “ಬಿಡೋಕಾಗ್ಲಿಲ್ಲ.”

ಹುಸ್ನಾಳ ಆಲ್ಬಮ್ ಬಂದಿದೆ. ಬಲ್ಬುಗಳು ಮೊದಲಿಗಿಂತ ಚೆನ್ನಾಗಿ ಉರಿಯುತ್ತಿವೆ. ಮರ್ಬೋಕ್ ಜಗಲಿಗೆ ಮರಳಿದೆ.

“ಕ್ಷಮೆ ಕೇಳು ಅದರ ಹತ್ರ,” ಎಂದ ಮೊಖ್ತಾರ್.

ಕೇಳಿದೆ. ಪಂಜರದಲ್ಲಿ ಹಕ್ಕಿ ಎಲ್ಲಿದೆಯೆಂದು ಕಾಣಲು ಮೊದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.