ಕಡಲಹಂದಿಗೆ ಗಾಳಿ ತುಂಬಿದ ಷಡ್ಡಕ

ಒಂದು ಹೊಸ ಸೈಕಲ್ ಪಂಪು, ಕೊಬ್ಬರಿ ಮಂಡಿಯ ಟಾರ್ಪಾಲು, ಮಡಿಕೆ ಬಿಚ್ಚದ ಬಿಳಿ ಪಂಚೆ, ಮತ್ತು ಅರಸೀಕೆರೆಯಲ್ಲಿ ನಾನು ಸ್ವಂತವಾಗಿ ಸಂಪಾದಿಸಿದ್ದ ಮರ್ಯಾದೆಯಲ್ಲಿ ಅರ್ಧ ಪಾಲು. ನನ್ನ ಷಡ್ಡಕನಿಂದ ನನಗಾದ ಖರ್ಚು ಇಷ್ಟು. ಯಾಕೆ ಅಂತೀರಾ? ಸತ್ತ ಕಡಲಹಂದಿಯೊಂದಕ್ಕೆ ಎದೆರೋಗ ಇತ್ತೇ ಎಂದು ತಿಳಿಯುವುದಕ್ಕೆ! ಸತ್ತ ಮೇಲೆ ರೋಗ ತಿಳಿದು ಅದಕ್ಕೆ ಮಾತ್ರೆ ಕೊಡುತ್ತಾರೆಯೇ?

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹಳೇಬೀಡಿನಲ್ಲಿ ದನದ ಡಾಕ್ಟರು. ನಮ್ಮ ಮಾವನವರ ಮನೆಯೂ ಅಲ್ಲೇ, ಬಸದಿಯ ಹತ್ತಿರ. ಕೊಬ್ಬರಿ ಮೂಟೆ ಹೊತ್ತು ಹೊತ್ತು ಸ್ವಂತ ಮಂಡಿ ಮಾಡಿದ ನನ್ನನ್ನು ಮಾವನವರು ಊಟಕ್ಕೆ ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಆ ಜಾಗಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ಆಮೇಲೆ ಬಂದ ನೋಡಿ ಈ ಸಣಕಲ! ಅಂಗಿಯ ಗುಂಡಿ ಮೇಲೆ ಕೆಳಗೆ, ಬಡಿಸಿದ್ದು ಉಪ್ಪಿಟ್ಟೋ ಕೇಸರಿಬಾತೋ ತಿಳಿಯದು. ಆದರೂ ಅತ್ತೆಯವರ ತುಪ್ಪದ ಮಿಳ್ಳೆ ಅವನ ಎಲೆಯ ಮೇಲೆ ಬಾಗಿದಷ್ಟು ನನ್ನ ಎಲೆಯ ಮೇಲೆ ಬಾಗುತ್ತಿರಲಿಲ್ಲ. ಅಳೆದು ನೋಡಿದೆಯಾ ಎನ್ನಬೇಡಿ. ವ್ಯಾಪಾರಸ್ಥನಿಗೆ ಕಣ್ಣಳತೆ ಸಾಕು.

ಅವನದೊಂದು ಹಟ. ಸತ್ತ ಪ್ರಾಣಿಗೆ ಕತ್ತಿ ತಾಗಿಸುವುದಿಲ್ಲ. "ಬದುಕಿದ್ದಾಗ ಕೊಯ್ಯೋದು ಅದರ ಉಪಕಾರಕ್ಕೆ ಅಣ್ಣ. ಸತ್ತ ಮೇಲೆ ಕೊಯ್ಯೋದು ನಮ್ಮ ಕುತೂಹಲಕ್ಕೆ. ಕಾಲೇಜಲ್ಲಿ ಕೊಯ್ದಿದ್ದೇ ಸಾಕು" ಎನ್ನುವನು. ಹಾಗಾದರೆ ಒಳಗೆ ಏನಾಗಿತ್ತೆಂದು ತಿಳಿಯುವುದು ಹೇಗೆ? ಎಕ್ಸ್‌ರೇ! ಹುಲಿಕೆರೆಯಲ್ಲಿ ಕೆಮ್ಮಿ ಸತ್ತ ಕುರಿಯೊಂದನ್ನು ಶಾಲು ಹೊದಿಸಿ, ತೊಡೆಯ ಮೇಲೆ ಮಲಗಿಸಿಕೊಂಡು, ಬಸ್ಸಿನಲ್ಲಿ ಅರಸೀಕೆರೆಗೆ ತಂದಿದ್ದ. ಕಂಡಕ್ಟರು ಮರುಗಿ, "ಅಜ್ಜಿಗೆ ಏನಾಗೈತೆ ಡಾಕ್ಟ್ರೇ?" ಎಂದು ಕೇಳಿದನಂತೆ.

"ಅದನ್ನ ತಿಳ್ಕೊಳ್ಳಕ್ಕೇ ಹೋಗ್ತಿರೋದು. ಬೆಳಗ್ಗೆ ಸತ್ತಿದೆ" ಎಂದನಂತೆ ಇವನು. ಬಸ್ಸು ಅಲ್ಲೇ ನಿಂತಿತು.

ಮಂಗಳೂರಿಗೆ ರೈಲು ಶುರುವಾದ ಮೇಲೆ ಅವನ ಹುಚ್ಚು ಸಮುದ್ರದವರೆಗೆ ಬೆಳೆಯಿತು. ಅಲ್ಲಿ ಅವನ ಕಾಲೇಜಿನ ಗೆಳೆಯನೊಬ್ಬನಿದ್ದ. ದಡದಲ್ಲಿ ಸತ್ತುಬಿದ್ದಿದ್ದ, ಡಾಲ್ಫಿನ್ ಜಾತಿಯ ಕಡಲಹಂದಿಯೊಂದನ್ನು ಆ ಗೆಳೆಯ ಐಸಿನಲ್ಲಿಟ್ಟು, ಪೆಟ್ಟಿಗೆಗೆ ತುಂಬಿ, ರೈಲಿಗೆ ಹಾಕಿದ. ಅರಸೀಕೆರೆಯಲ್ಲಿ ಬಿಡಿಸಿಕೊಳ್ಳಲಿ ಎಂದು ನನ್ನ ಹೆಸರನ್ನೇ ಬರೆದಿದ್ದ! ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಹಂದಿಮೀನು' ಎಂದಿತ್ತು. ಕರಾವಳಿಯವರು ಅದನ್ನು ಕರೆಯುವುದು ಹಾಗಂತೆ.

ಪಾರ್ಸೆಲ್ ಗುಮಾಸ್ತ ಪ್ಲಾಟ್‌ಫಾರಂ ತುಂಬ ಕೇಳುವಂತೆ ಕೂಗಿದ. "ಏನ್ ಸ್ವಾಮಿ, ಬಸದಿಗೆ ಹೋಗೋರು ನೀವು! ಸುರು ಮಾಡಿದ್ರೆ ಒಂದೊಂದಾಗಿ ಸುರು ಮಾಡ್ಬಾರ್ದಾ? ಹಂದಿ, ಮೀನು ಎರಡೂ ಒಟ್ಟಿಗೇನಾ?"

"ಅದು ಹಂದಿಯೂ ಅಲ್ಲ, ಮೀನೂ ಅಲ್ಲ ಕಣಯ್ಯ!"

"ಮತ್ತೇನು?"

ಷಡ್ಡಕ ಮುಂದೆ ಬಂದು ವಿವರಿಸಿದ. "ನಮ್ಮ ಹಾಗೇ ಕಣ್ರೀ. ಬಿಸಿ ರಕ್ತ. ಗಾಳಿ ಉಸಿರಾಡುತ್ತೆ. ಮರಿಗೆ ಹಾಲು ಕುಡಿಸುತ್ತೆ."

"ನಮ್ಮ ಹಾಗೇ ಅಂದ್ರೆ ಪೊಲೀಸ್ನೋರಿಗೆ ಹೇಳ್ಬೇಕಾಯ್ತದೆ!"

ಇನ್ನು ಇವನ ಬಾಯಿಗೆ ಬಿಟ್ಟರೆ ಜೈಲೇ ಗತಿ ಎಂದು ನಾನು ಚೌಕಾಸಿಗೆ ಇಳಿದೆ. "ಅವಸರ ಇಲ್ಲ ಬಿಡಪ್ಪ. ವಿಚಾರಿಸಿಕೊಂಡೇ ಕೊಡು. ನಾಳೆ ಬರ್ತೀವಿ. ಐಸ್ ಮಾತ್ರ ಆಗಲೇ ಕರಗ್ತಾ ಇದೆ" ಎಂದು ಹೊರಟಂತೆ ಮಾಡಿದೆ. ಗುಮಾಸ್ತನೇ ಓಡಿಬಂದು ಪೆಟ್ಟಿಗೆಯನ್ನು ಗಾಡಿಗೆ ಏರಿಸಿಕೊಟ್ಟ.

ಎಕ್ಸ್‌ರೇ ಅಂಗಡಿಯವನು ಬಗ್ಗಿದ್ದೂ ನನ್ನ ಮಾತಿಗೇ. ರೋಗಿಗಳಿಲ್ಲದ ಊಟದ ಹೊತ್ತು, ಮೇಜಿನ ಮೇಲೆ ಟಾರ್ಪಾಲು, ಅದರ ಮೇಲೆ ಶುಭ್ರವಾದ ಪಂಚೆ. ಯಾರ ಪಂಚೆ? ನನ್ನದೇ! ಆದರೆ ಸತ್ತದ್ದರ ಶ್ವಾಸಕೋಶ ಕುಗ್ಗಿಹೋಗಿರುತ್ತದಂತೆ, ಗಾಳಿ ತುಂಬದೆ ಚಿತ್ರ ಸರಿಯಾಗಿ ಬಾರದಂತೆ. ಆ ಪ್ರಾಣಿಗೆ ಮೂಗು ಇರುವುದು ನೆತ್ತಿಯ ಮೇಲೆ! ಅಲ್ಲಿಗೆ ರಬ್ಬರ್ ಕೊಳವೆ ಇಳಿಸಿ, ಇನ್ನೊಂದು ತುದಿಗೆ ಪಂಪು ಸಿಕ್ಕಿಸಿ, "ಅಣ್ಣ, ಹೊಡೀರಿ" ಎಂದ ಷಡ್ಡಕ. ಹೊಡೆದೆ. ಅದರ ಎದೆ ನಿಧಾನವಾಗಿ ಮೇಲೆದ್ದಿತು, ನನ್ನದು ಬಿದ್ದುಹೋಯಿತು. ಅಂಗಡಿಯವನು ಮರೆಗೆ ಹೋಗಿ ಎಂದಿನ ಅಭ್ಯಾಸದಂತೆ ಕೂಗಿದ. "ಉಸಿರು ಎಳ್ಕೊಳ್ಳೀ... ಹಿಡ್ಕೊಳ್ಳೀ... ಅಲ್ಲಾಡ್ಬೇಡೀ!" ಗಾಬರಿಯಲ್ಲಿ ನಾನೂ ಉಸಿರು ಹಿಡಿದೆ, ಷಡ್ಡಕನೂ ಹಿಡಿದ. ಅಲ್ಲಾಡದೆ ಇದ್ದದ್ದು ಮಾತ್ರ ಮೇಜಿನ ಮೇಲಿದ್ದ ರೋಗಿಯೊಂದೇ.

ನಾವು ಅದನ್ನು ಹೂಳಲು ಮಾವನವರ ತೋಟಕ್ಕೆ ತರುವ ಹೊತ್ತಿಗೆ ಸುದ್ದಿ ನಮಗಿಂತ ಮುಂಚೆ ಹಳೇಬೀಡು ಸೇರಿತ್ತು. ಮಾವನವರು ಜಗಲಿಯ ಮೇಲೆ ನಿಂತಿದ್ದರು. ಮುಖ ಕೆಂಪಗಿತ್ತು. ನನಗೋ ಒಳಗೊಳಗೇ ಹಬ್ಬ! ಇವತ್ತು ಸಿಕ್ಕಿಬಿದ್ದ ಮಗ, ಇನ್ನು ತುಪ್ಪವೂ ಇಲ್ಲ, ಗಿಪ್ಪವೂ ಇಲ್ಲ ಅಂದುಕೊಂಡೆ.

"ಏನ್ರಪ್ಪಾ ಇದು? ಜನ ಏನೇನೋ ಅಂತಿದಾರೆ" ಎಂದರು ಮಾವ.

ಷಡ್ಡಕ ಹೆದರಲೇ ಇಲ್ಲ. ಫಿಲ್ಮನ್ನು ಬಿಸಿಲಿಗೆ ಹಿಡಿದ. "ಕತ್ತಿ ತಾಗಿಸಿಲ್ಲ ಮಾವ. ಇದು ಪಕ್ಕೆಲುಬು. ಈ ಬಿಳೀ ಮಚ್ಚೆ ಇದೆಯಲ್ಲ, ರೋಗ ಇರೋದು ಅಲ್ಲಿ. ಪ್ರತಿ ಉಸಿರಿಗೂ ಇದು ನೀರಿನ ಮೇಲಕ್ಕೆ ಬರ್ಬೇಕು. ಕೊನೇಲಿ ಬರಕ್ಕೆ ಶಕ್ತಿ ಇರ್ಲಿಲ್ಲ ಅನ್ಸುತ್ತೆ."

ಮಾವನವರು ಬಹಳ ಹೊತ್ತು ನೋಡಿದರು. "ಕೊಯ್ಯದೇ ಅದರ ಸಂಕಟ ತಿಳ್ಕೊಂಡ್ಯಲ್ಲಪ್ಪ!" ಎಂದು ಅವನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ನನ್ನ ಬೆನ್ನನ್ನು ಅವರು ತಟ್ಟಿದ್ದು ಒಂದೇ ಸಲ, ಅದೂ ಅಂಗಿಗೆ ಅಂಟಿದ್ದ ಕೊಬ್ಬರಿ ಹೊಟ್ಟು ಕೊಡವುವುದಕ್ಕೆ! ಸಾಲದೆಂಬಂತೆ ಒಳಕ್ಕೆ ಕೂಗಿ ಹೇಳಿದರು. "ಇವತ್ತು ಚಿಕ್ಕಳಿಯಂದ್ರಿಗೆ ನನ್ನ ಪಕ್ಕದಲ್ಲಿ ಎಲೆ ಹಾಕಿ."

ಎಲೆ ಹಾಕಿದರು. ಅವನೇ ಇಲ್ಲ! ತೋಟಕ್ಕೆ ಹೋಗಿದ್ದ. ಕರೆದುಕೊಂಡು ಬರಲು ಯಾರನ್ನು ಅಟ್ಟಿದರು? ನನ್ನನ್ನೇ. ಪಂಪು ಹೊಡೆದವನು ನಾನು, ಗುಮಾಸ್ತನನ್ನು ಬಗ್ಗಿಸಿದವನು ನಾನು, ಭೇಷ್ ಮಾತ್ರ ನಿನಗೋ ಎಂದು ಬೈಯಲು ಮಾತುಗಳನ್ನು ಜೋಡಿಸಿಕೊಳ್ಳುತ್ತಲೇ ಹೋದೆ.

ಅವನು ಮೊಣಕಾಲಾಳದ ಗುಂಡಿಯೊಳಗೆ ನಿಂತು ಅಗೆಯುತ್ತಿದ್ದ. ನನ್ನನ್ನು ಕಂಡು ಗುದ್ದಲಿ ಇಟ್ಟ. ಅಂಗಿಯೊಳಗಿಂದ ಹೊಟ್ಟೆ ಭಾಗದ ಇನ್ನೊಂದು ಫಿಲ್ಮು ತೆಗೆದು ಬೆಳಕಿಗೆ ಹಿಡಿದ.

"ಇದನ್ನ ಮಾವಂಗೆ ತೋರಿಸ್ಲಿಲ್ಲ ಅಣ್ಣ."

ದೊಡ್ಡ ಬೆನ್ನೆಲುಬಿನ ಕೆಳಗೆ, ಸಣ್ಣ ಮಣಿಗಳನ್ನು ಪೋಣಿಸಿದ ಹಾಗೆ, ಇನ್ನೊಂದು ಬೆನ್ನೆಲುಬು. ಮುದುರಿಕೊಂಡು ಮಲಗಿತ್ತು.

"ಮರಿಯಾ?"

"ಹೂಂ. ಇರೋ ಅಷ್ಟು ಉಸಿರಲ್ಲಿ ಇದಕ್ಕೂ ಪಾಲು ಕೊಡ್ತಿತ್ತು. ನಿಮ್ಮ ನಾದಿನಿಗೆ ಹೇಳ್ಬೇಡಿ."

ಆ ವರ್ಷವೇ ಅವನ ಹೆಂಡತಿಗೆ ಆರನೆಯ ತಿಂಗಳಲ್ಲಿ ಗರ್ಭ ಹೋಗಿತ್ತು. ಅವಳನ್ನು ಸಂತೈಸಲು ಮನೆ ತುಂಬ ಜನ ಬಂದಿದ್ದರು. ಬಂದವರಿಗೆಲ್ಲ ಕಾಫಿ ತಂದುಕೊಡುತ್ತಿದ್ದವನು ಇವನು.

"ಮತ್ತೆ ನನಗ್ಯಾಕೋ ತೋರಿಸಿದೆ?"

"ಒಬ್ನೇ ನೋಡಿ ಇಟ್ಕೊಳ್ಳಕ್ಕೆ ಆಗ್ಲಿಲ್ಲ ಅಣ್ಣ. ನೀವು ವ್ಯಾಪಾರಸ್ಥರು, ಒಳಗಿನ ಮಾತು ಬಾಯಿ ಬಿಡಲ್ಲ."

(ಈಗ ಬರೆಯುತ್ತಿರುವುದು ಏಕೆಂದರೆ, ನಾದಿನಿಗೆ ಅವನೇ ಹೇಳಿ ಎಷ್ಟೋ ಕಾಲವಾಯಿತು.) ಅಂಗಿ ಕಳಚಿ ಕೊಂಬೆಗೆ ಹಾಕಿ, ಗುಂಡಿಗೆ ಇಳಿದೆ.

ನಿಮಗೂ ಇಂಥ ಷಡ್ಡಕನಿದ್ದರೆ ನನ್ನ ಸಲಹೆ ಕೇಳಿ. ಗುಂಡಿಯನ್ನು ಎದೆಯಾಳ ತೋಡಿ, ಕಡಿಮೆಯಾದರೆ ನಾಯಿಗಳು ಕೆದಕುತ್ತವೆ. ಮೊದಲ ಹಿಡಿ ಮಣ್ಣು ಅವನೇ ಹಾಕಲಿ. ಸಮಾಧಾನ ಹೇಳಲು ಹೋಗಬೇಡಿ. ಸುಮ್ಮನಿರಲು ಆಗದಿದ್ದರೆ ಕೊಬ್ಬರಿ ಧಾರಣೆಯ ವಿಷಯ ಮಾತಾಡಿ, ಅವನು ಕೇಳಿಸಿಕೊಳ್ಳುವುದಿಲ್ಲ, ಪರವಾಗಿಲ್ಲ. ಮನೆಯಿಂದ ಎಷ್ಟೇ ಕೂಗಲಿ, ಅವನು ಕಣ್ಣೊರೆಸಿಕೊಂಡು ಮುಗಿಸುವವರೆಗೆ ಊಟಕ್ಕೆ ಕರೆಯಬೇಡಿ.