ಸತ್ತ ಸಂದೇಶಕ್ಕೆ ನಾನು ಜೀವ ಕೊಟ್ಟದ್ದು

ಒಂದೇ ಮಾತಿನಲ್ಲಿ ಹೇಳುತ್ತೇನೆ: ಯಂತ್ರ ಕೆಟ್ಟಿರಲಿಲ್ಲ, ನಾನು ಕೆಡಿಸಿದ್ದೆ. ಅದೂ ಎರಡು ಸಲ!

ನನ್ನ ಕಣ್ಣಿಗೆ ಪೊರೆ ಬಂದಿತ್ತು. ಆಸ್ಪತ್ರೆಯಲ್ಲಿ ಹೆಸರು ಹಚ್ಚಲು ಯಾರ ಕಾಲನ್ನೂ ಹಿಡಿಯಲಿಲ್ಲ. ಕಲಿತದ್ದು ಕನ್ನಡ ಸಾಲೆಯ ಮೂರನೇ ಇಯತ್ತೆ. ಆದರೂ ಮೊಬೈಲಿನಲ್ಲಿ ನಾನೇ ಎಲ್ಲ ಬರೆದು ಕಳಿಸಿದೆ. "ನಾಳೆ ಆಪರೇಷನ್, ಏನೂ ತಿನ್ನದೆ ಬನ್ನಿ" ಎಂಬ ಸಂದೇಶ ಮಾತ್ರ ಬರಲೇ ಇಲ್ಲ.

ಆ ಆಸ್ಪತ್ರೆಯ ಸಂದೇಶಗಳನ್ನು ಕಳಿಸುವ ಯಂತ್ರದ ಉಸ್ತುವಾರಿ ನನ್ನ ಸೊಸೆ ಸವಿತಾಳದು. ಹಡಪಸರದ ನಮ್ಮ ಮನೆಯ ಊಟದ ಮೇಜೇ ಅವಳ ಕಚೇರಿ. ಆ ಸಂಜೆ ಅವಳ ಮುಖ ಬಿಳಿಚಿಕೊಂಡಿತ್ತು.

"ಅತ್ತಿ, ನಾಳಿನ ಸಂದೇಶ ಭಾಳ ಮಂದಿಗೆ ಮುಟ್ಟಿಲ್ಲರೀ. ಎಲ್ಲಾ ಡೆಡ್ ಲೆಟರ್ ಸಾಲಿನ್ಯಾಗ ಬಿದ್ದಾವ."

"ಡೆಡ್ ಅಂದ್ರ?"

"ಸತ್ತ ಪತ್ರ."

"ಅಯ್ಯ, ಹರದ ಒಗಿ! ಸಾವಿನ ಪತ್ರ ಮನ್ಯಾಗ ಇಟ್ಕೋಬಾರ್ದು!"

"ಹರದ್ರ ನಾಳೆ ಮುದುಕರೆಲ್ಲಾ ಉಪ್ಪಿಟ್ಟು ತಿಂದು ಬರ್ತಾರ್ರೀ. ಆಪರೇಷನ್ ಬಂದ್!"

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಸವಿತಾ ಒಂದು ಸಾಲು ಆಜ್ಞೆ ಬರೆದಳು. ಸತ್ತವೆಲ್ಲ ಶಿಸ್ತಾಗಿ ಬಂದು ನಿಂತವು. ಅಕ್ಕಿಯಲ್ಲಿ ಹರಳು ಆರಿಸುವಂತೆ ನೋಡುತ್ತಾ ಹೋಗಿ, ಒಂದರ ಮೇಲೆ ಬೆರಳಿಟ್ಟಳು. "ಇದ ನೋಡ್ರಿ, ಯಂತ್ರದ ಗಂಟಲಾಗ ಸಿಕ್ಕೊಂಡದ. ಹಿಂದಿನವೆಲ್ಲಾ ಇದರಿಂದನ ಸತ್ತಾವ."

ಅದನ್ನು ಬದಿಗಿಟ್ಟು, ಇನ್ನೊಂದು ಆಜ್ಞೆ ಬರೆದು ಉಳಿದವನ್ನು ಕಳಿಸಿದಳು. ಎಲ್ಲ ಮುಟ್ಟಿದವು! ಯಮನ ಕಚೇರಿಗೆ ಹೋಗಿ ಇಡೀ ಸಾಲನ್ನೇ ಬಿಡಿಸಿಕೊಂಡು ಬಂದಳು ನನ್ನ ಸೊಸೆ. ಅದೂ ಕುಳಿತಲ್ಲೇ!

ಅಷ್ಟರಲ್ಲಿ ಮೊಮ್ಮಗಳು ಬಾಗಿಲು ಬಡಿದಳು. "ಏನೂ ಮುಟ್ಟಬ್ಯಾಡ್ರಿ" ಎಂದು ಸವಿತಾ ಎದ್ದಳು.

ಉಳಿದದ್ದು ಒಂದೇ ಹೆಣ. ನಾನು ನೋಡಿಟ್ಟುಕೊಂಡಿದ್ದೆ: ಮೇಲಿನ ಬಾಣ ಒತ್ತಿದರೆ ಹಿಂದಿನ ಆಜ್ಞೆ ಬರುತ್ತದೆ, ಎಂಟರ್ ಒತ್ತಿದರೆ ನಡೆಯುತ್ತದೆ. ಇಷ್ಟಕ್ಕೆ ಕಾಲೇಜು ಯಾಕೆ? ಒತ್ತಿದೆ. ಹೆಣ ಅಲುಗಲಿಲ್ಲ. ಮತ್ತೆ ಒತ್ತಿದೆ. ಮತ್ತೆ!

ಕೆಳಗಿನ ಮನೆಯ ಪಾಟೀಲರು ಮೊಬೈಲ್ ಹಿಡಿದು ಏದುಸಿರು ಬಿಡುತ್ತಾ ಮೇಲೆ ಬಂದರು.

"ಬಾಯಾರ, ನಾಳೆ ಆಪರೇಷನ್, ನಾಳೆ ಆಪರೇಷನ್ ಅಂತ ಒಂದ ಸವನ ಬಡಕೊಳ್ಳಿಕ್ಕತ್ತದ ಇದು! ನನಗೇನ ಏಳು ಕಣ್ಣು ಅದಾವೇನ್ರಿ?"

ಸತ್ತದ್ದು ಎದ್ದಿರಲಿಲ್ಲ. ಎದ್ದುಹೋದವನ್ನೇ ನಾನು ಮತ್ತೆ ಮತ್ತೆ ಎಬ್ಬಿಸಿದ್ದೆ!

ಸೊಸೆ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ. "ಒಂದೇ ಸಲ ಬಂದರೆ ಸಾಕು, ಕ್ಷಮಿಸಿ" ಎಂದು ಎಲ್ಲರಿಗೂ ಕಳಿಸಿದಳು. ಆಮೇಲೆ ಆ ಹಟಮಾರಿ ಸಂದೇಶವನ್ನು ಬಿಚ್ಚಿ ಓದಿದಳು.

"ಫೋನ್ ನಂಬರ್ ಕನ್ನಡ ಅಂಕಿಯೊಳಗ ಬರದದರೀ. ಯಂತ್ರಕ್ಕ ಓದ್ಲಿಕ್ಕೆ ಬಂದಿಲ್ಲ."

"ಯಾರವ್ವಾ ಅಷ್ಟು ಶಾಣ್ಯಾರು?"

"ನೀವರೀ, ಅತ್ತಿ."

ಪಾಟೀಲರು ಕೆಮ್ಮಿದರು.

ಸವಿತಾ ಅಂಕಿ ತಿದ್ದಿ ಎಂಟರ್ ಒತ್ತಿದಳು. ನನ್ನ ಮಡಿಲಲ್ಲಿದ್ದ ಮೊಬೈಲ್ ಟಿಂಗ್ ಎಂದಿತು. ಒಂದೇ ಸಲ.

ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ, ಸೊಸೆಯ ಜೊತೆ ಹೋಗಿ, ಆಸ್ಪತ್ರೆಯ ಬೆಂಚಿನ ಮೇಲೆ ಪಾಟೀಲರ ಪಕ್ಕ ಕುಳಿತೆ. ಹೆಸರು ಕರೆದಾಗ ಎದ್ದು ಹೋದೆ. ಕಿಟಕಿಯ ಹುಡುಗಿ "ಆಜಿ, ಮೊಬೈಲ್ ನಂಬರ್ ಲಿಹಾ" ಎಂದು ಮರಾಠಿಯಲ್ಲಿ ಹೇಳಿ, ಬರೆಯಲು ಪೆನ್ನು ಚಾಚಿದಳು.

ಇಸಿದುಕೊಂಡು ಸೊಸೆಯ ಕೈಗೆ ಕೊಟ್ಟೆ.